‘ಚಾರ್ಜ್’ ಅಂದ್ರೆ ಎಲ್ಲೆಲ್ಲಿ ಏನೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯ ಮಾಟುಂಗದ ಒಂದು ಹೋಟೆಲಿನ ಗಲ್ಲೆಯಲ್ಲಿ ನಾನು ಕೂತ ಮೊದಲ ವಾರ. ಸಫಾರಿ ಹಾಕಿದ ಒಬ್ಬರು ತಪಾಸಣೆಗೆ ಬಂದವರು ‘ಹೂ ಈಸ್ ಇನ್ ಚಾರ್ಜ್?’ ಅಂದರು. ನನ್ನ ಕಿವಿಗೆ ಬಿದ್ದದ್ದು ಕೊನೆಯ ಪದ ಒಂದೇ. ಊರಲ್ಲಿ ಬಸ್ ಚಾರ್ಜ್ ಕೊಟ್ಟು ಗೊತ್ತಿತ್ತಲ್ಲ, ಅದೇ ಧೈರ್ಯದಲ್ಲಿ ‘ಇಡ್ಲಿ ನಾಲ್ಕು, ವಡೆ ಐದು’ ಅಂದೆ. ಒಳಗಿಂದ ಧಣಿ ಓಡಿ ಬಂದು ಅವರನ್ನು ಕೂರಿಸಿ ಕಾಫಿ ಕೊಟ್ಟರು. ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ.

ಈಗ ಭಾನುವಾರ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೋಟೆಲ್ ಹುಡುಗರು, ಫ್ಯಾಕ್ಟರಿಯವರು, ಮದುವೆಯಾಗಿ ಈ ಕಡೆ ಬಂದ ಹೆಣ್ಣುಮಕ್ಕಳು, ಎಲ್ಲರೂ ಬರುತ್ತಾರೆ. ಪುಣೆ, ಗೋವಾದಿಂದ ಕೆಲವರು ಪತ್ರ ಬರೆಯುತ್ತಾರೆ, ಫೋನ್ ಮಾಡುತ್ತಾರೆ. ‘ಚಾರ್ಜ್’ ಬಗ್ಗೆ ಬಂದಷ್ಟು ಪ್ರಶ್ನೆ ಬೇರೆ ಯಾವ ಪದದ ಬಗ್ಗೆಯೂ ಬಂದಿಲ್ಲ. ಕೇಳಿದವರ ಮಾತಲ್ಲೇ ಪ್ರಶ್ನೆ ಇಟ್ಟು ಉತ್ತರ ಬರೆದಿದ್ದೇನೆ.

## ಮೊದಲ ಪಾಠ

ಮಾಷ್ಟ್ರೇ, ಮೊಬೈಲಿಗೂ ಚಾರ್ಜ್, ಬಸ್ಸಿಗೂ ಚಾರ್ಜ್, ಪೊಲೀಸರದ್ದೂ ಚಾರ್ಜ್. ಒಂದೇ ಪದಕ್ಕೆ ಇಷ್ಟೊಂದು ಅರ್ಥ ಹೇಗೆ ಬಂತು?

ಎಲ್ಲ ಶುರುವಾದದ್ದು ಒಂದು ಗಾಡಿಯಿಂದ. ಲ್ಯಾಟಿನ್ ಭಾಷೆಯಲ್ಲಿ ‘ಕರ್ರುಸ್’ ಅಂದರೆ ಗಾಡಿ. ಅದರಿಂದ ‘ಕರ್ರಿಕಾರೆ’, ಗಾಡಿಗೆ ಹೇರುವುದು. ಅದು ಫ್ರೆಂಚಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದು ‘ಚಾರ್ಜ್’ ಆಯಿತು. ಅಂದರೆ ಮೂಲದಲ್ಲಿ ಚಾರ್ಜ್ ಅಂದರೆ ಹೇರು, ಹೊರೆ, ಭಾರ.

ಇಷ್ಟು ಹಿಡಿದುಕೊಂಡರೆ ಉಳಿದದ್ದು ಕಷ್ಟ ಇಲ್ಲ. ನಮ್ಮ ಕನ್ನಡವೂ ಇದನ್ನೇ ಮಾಡಿದೆ, ನೋಡಿ. ನಾವು ಗಾಡಿಗೆ ಮೂಟೆ ಹೇರುತ್ತೇವೆ, ಸರ್ಕಾರ ಜನರ ಮೇಲೆ ತೆರಿಗೆ ಹೇರುತ್ತದೆ. ತಲೆ ಮೇಲೆ ಸೌದೆ ಹೊರಿಸುತ್ತೇವೆ, ಯಾರದೋ ಮೇಲೆ ಆರೋಪ ಹೊರಿಸುತ್ತೇವೆ, ಮಗನ ಮೇಲೆ ಜವಾಬ್ದಾರಿ ಹೊರಿಸುತ್ತೇವೆ. ತೆರಿಗೆ, ಆರೋಪ, ಜವಾಬ್ದಾರಿ ಮೂರನ್ನೂ ಇಂಗ್ಲಿಷಿನವರು ಚಾರ್ಜ್ ಅಂದರು. ಇಬ್ಬರೂ ಹೊರೆ ಹೊತ್ತವರೇ, ಅಲ್ವಾ?

ಅರ್ಥಗಳ ಪಟ್ಟಿ ಬಾಯಿಪಾಠ ಮಾಡಿದ್ರೆ ಸಾಕಾ?

ಬೇಡ. ನನ್ನ ಕ್ಲಾಸಿನಲ್ಲಿ ಪಟ್ಟಿ ಬರೆದುಕೊಂಡವರೇ ಜಾಸ್ತಿ ಎಡವಿದ್ದು. ಪದದ ಪಕ್ಕ ಯಾವ ಕ್ರಿಯಾಪದ ಕೂತಿದೆ ಅಂತ ನೋಡಿ. ‘ಪೇ’ ಇದ್ದರೆ ದುಡ್ಡು. ‘ಟೇಕ್’ ಇದ್ದರೆ ಅಧಿಕಾರ. ‘ಫ್ರೇಮ್’ ಇದ್ದರೆ ಕೋರ್ಟು. ‘ಹೋಲ್ಡ್’ ಇದ್ದರೆ ಬ್ಯಾಟರಿ. ‘ಕ್ರಿಯೇಟ್’ ಇದ್ದರೆ ಬ್ಯಾಂಕಿನ ಸಾಲದ ಕಾಗದ, ಹುಷಾರು.

ಬಸ್ ಚಾರ್ಜ್ ಅಂತ ಹೇಳಿದ್ದಕ್ಕೆ ಇಂಟರ್‌ವ್ಯೂನಲ್ಲಿ ನಕ್ಕರು. ಅದು ತಪ್ಪಾ?

ಕನ್ನಡದಲ್ಲಿ ಹೇಳಿದರೆ ತಪ್ಪಲ್ಲ, ಅದು ನಮ್ಮದೇ ಪದ ಆಗಿಹೋಗಿದೆ. ಇಂಗ್ಲಿಷ್ ಮಾತಾಡುವಾಗ ಮಾತ್ರ ಬಸ್ಸು, ರೈಲು, ಆಟೋಗೆ ‘ಫೇರ್’ ಅನ್ನಬೇಕು. ಮುಂಬಯಿಯಲ್ಲಿ 2025ರ ಫೆಬ್ರುವರಿಯಿಂದ ಆಟೋದ ಮಿನಿಮಮ್ ಫೇರ್ 26 ರೂಪಾಯಿ, ಕಪ್ಪು-ಹಳದಿ ಟ್ಯಾಕ್ಸಿಯದ್ದು 31. ಡಾಕ್ಟರು, ವಕೀಲರು, ಶಾಲೆಗೆ ಕೊಡುವುದು ‘ಫೀ’. ಅಂಗಡಿಯ ಸಾಮಾನಿಗೆ ‘ಪ್ರೈಸ್’. ಯಾರೋ ಏನೋ ಕೆಲಸ ಮಾಡಿಕೊಟ್ಟದ್ದಕ್ಕೆ, ಮನೆಗೆ ತಂದುಕೊಟ್ಟದ್ದಕ್ಕೆ, ಫಿಟ್ಟಿಂಗ್ ಮಾಡಿದ್ದಕ್ಕೆ ಕೇಳುವುದು ‘ಚಾರ್ಜ್’. ನಕ್ಕವರಿಗೆ ನಮ್ಮೂರ ಕಂಡಕ್ಟರನ ಎದುರು ಮಾತಾಡೋಕೆ ಹೇಳಬೇಕಿತ್ತು, ಬಿಡಿ.

‘ಇನ್‌ಚಾರ್ಜ್’ ಅಂದ್ರೆ ದೊಡ್ಡವರಾ, ತಾತ್ಕಾಲಿಕದವರಾ?

ಎರಡೂ ಇದೆ, ಅದೇ ತೊಂದರೆ. ಇಂಗ್ಲಿಷಿನಲ್ಲಿ ಇನ್ ಚಾರ್ಜ್ ಅಂದರೆ ಅಲ್ಲಿನ ಹೊಣೆ ಹೊತ್ತವರು, ಮುಖ್ಯಸ್ಥರು. ನಮ್ಮ ಆಫೀಸುಗಳಲ್ಲಿ ‘ಇನ್‌ಚಾರ್ಜ್ ಹೆಡ್‌ಮಾಸ್ಟರ್’ ಅಂದರೆ ಖಾಲಿ ಕುರ್ಚಿಯನ್ನು ಸದ್ಯಕ್ಕೆ ನೋಡಿಕೊಳ್ಳುವವರು. ಕನ್ನಡದಲ್ಲಿ ‘ಪ್ರಭಾರ ಮುಖ್ಯೋಪಾಧ್ಯಾಯರು’ ಅಂತ ಬೋರ್ಡು ಹಾಕುತ್ತಾರೆ. ಆ ಪದದ ಹೊಟ್ಟೆಯಲ್ಲೂ ಭಾರ ಕೂತಿದೆ.

ಒಂದು ಸಣ್ಣ ಕುಣಿಕೆ ಇದೆ. ‘ಇನ್ ಚಾರ್ಜ್ ಆಫ್’ ಅಂದರೆ ನೋಡಿಕೊಳ್ಳುವವರು. ನಡುವೆ ‘ದ’ ಸೇರಿಸಿ ‘ಇನ್ ದ ಚಾರ್ಜ್ ಆಫ್’ ಅಂದರೆ ಯಾರದೋ ಸುಪರ್ದಿಯಲ್ಲಿ ಇರುವವರು. ನರ್ಸ್ ಮಗುವಿನ ಇನ್ ಚಾರ್ಜ್, ಮಗು ನರ್ಸಿನ ಇನ್ ದ ಚಾರ್ಜ್. ಒಂದು ‘ದ’ ಬಿಟ್ಟರೆ ಮಗುವೇ ನರ್ಸನ್ನು ನೋಡಿಕೊಳ್ಳುತ್ತದೆ.

## ದುಡ್ಡು, ಬಿಲ್ಲು

ನಮ್ಮ ಲೈಟ್ ಬಿಲ್ಲಿನಲ್ಲಿ ನಾಲ್ಕು ಕಡೆ ‘ಆಕಾರ’ ಅಂತ ಇದೆ. ಯಾವ ಆಕಾರ ಇದು?

ಹೊಸದಾಗಿ ಬಂದವರೆಲ್ಲ ಇದನ್ನು ಕೇಳುತ್ತಾರೆ. ಮರಾಠಿ ಅಕ್ಷರ ಓದಲು ಬರುತ್ತದೆ, ‘ಆಕಾರ’ ಅಂತ ಓದಿಯೂ ಆಯಿತು, ಆದರೆ ಗುಂಡಗಿರುವುದೋ ಚೌಕವಾಗಿರುವುದೋ ಅಂತ ತಲೆ ಕೆರೆದುಕೊಳ್ಳುತ್ತಾರೆ. ಮರಾಠಿಯಲ್ಲಿ ಆಕಾರ ಅಂದರೆ ಚಾರ್ಜ್ ಕೂಡ ಹೌದು. ನಮ್ಮಲ್ಲೂ ಜಮೀನಿನ ದಾಖಲೆಯಲ್ಲಿ ‘ಆಕಾರ್‌ಬಂದ್’ ಇದೆಯಲ್ಲ, ಆ ಆಕಾರವೇ ಇದು, ಕಂದಾಯದ ಲೆಕ್ಕ.

ಬಿಲ್ಲನ್ನು ಮೇಜಿನ ಮೇಲೆ ಬಿಡಿಸಿಟ್ಟು ಒಂದೊಂದೇ ಸಾಲು ನೋಡಿ. ‘ಸ್ಥಿರ ಆಕಾರ’ ಅಂದರೆ ನೀವು ಒಂದು ಬಲ್ಬೂ ಹಚ್ಚದೆ ಊರಿಗೆ ಹೋಗಿದ್ದರೂ ಕೊಡಬೇಕಾದದ್ದು, ಕನೆಕ್ಷನ್ ಇಟ್ಟುಕೊಂಡದ್ದಕ್ಕೆ. ‘ವೀಜ ಆಕಾರ’ ಅಂದರೆ ಸುಟ್ಟ ಯೂನಿಟ್ಟುಗಳಿಗೆ. ಯೂನಿಟ್ ಜಾಸ್ತಿ ಆದಂತೆ ಮೇಲಿನ ಸ್ಲ್ಯಾಬಿನ ದರವೂ ಏರುತ್ತದೆ. ‘ವಹನ ಆಕಾರ’ ಅಂದರೆ ಆ ಕರೆಂಟನ್ನು ತಂತಿಯ ಮೇಲೆ ನಿಮ್ಮ ಮನೆವರೆಗೆ ಹೊತ್ತು ತಂದದ್ದಕ್ಕೆ. ಇಂಗ್ಲಿಷಿನಲ್ಲಿ ಇದು ‘ವೀಲಿಂಗ್ ಚಾರ್ಜ್’. ವೀಲ್ ಅಂದರೆ ಚಕ್ರ. ಗಾಡಿಯಿಂದ ಹುಟ್ಟಿದ ಪದ ತಿರುಗಿ ಚಕ್ರದ ಹತ್ತಿರವೇ ಬಂತು! ‘ಇಂಧನ ಸಮಾಯೋಜನ ಆಕಾರ’ ಕಲ್ಲಿದ್ದಲು ಮುಂತಾದ ಇಂಧನದ ಖರ್ಚು ಏರಿಳಿದದ್ದರ ಹೊಂದಾಣಿಕೆ. ಕೆಳಗಿನ ‘ವೀಜ ಶುಲ್ಕ’ ಮಾತ್ರ ಕಂಪನಿಯದ್ದಲ್ಲ, ರಾಜ್ಯ ಸರ್ಕಾರದ ತೆರಿಗೆ.

ಹೋಟೆಲ್ ಬಿಲ್ಲಿನಲ್ಲಿ 10 ಪರ್ಸೆಂಟ್ ಸರ್ವಿಸ್ ಚಾರ್ಜ್ ಹಾಕಿದ್ದಾರೆ. ಕೊಡಲೇಬೇಕಾ?

ಬೇಡ. ಸರ್ವಿಸ್ ಚಾರ್ಜ್ ತೆರಿಗೆ ಅಲ್ಲ, ಟಿಪ್ಸನ್ನೇ ಬಿಲ್ಲಿನೊಳಗೆ ತೂರಿಸಿದ್ದು. ಜಿಎಸ್‌ಟಿ ಬೇರೆ, ಅದನ್ನು ಕೊಡಲೇಬೇಕು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲಿನವರು ತಾವಾಗಿ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ. ಹೋಟೆಲ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ಕೋರ್ಟು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ತೆಗೆಯಿರಿ ಅಂದರೂ ತೆಗೆಯದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕ ಸಹಾಯವಾಣಿ.

ಗಲ್ಲೆಯಲ್ಲಿ ಕೂತವನಾಗಿ ಒಂದು ಮಾತು. ಕೌಂಟರಿನ ಹುಡುಗನ ಮೇಲೆ ಕೂಗಾಡಬೇಡಿ, ಆ ಸಾಲು ಅವನು ಹಾಕಿದ್ದಲ್ಲ. ಟೇಬಲ್ ಒರೆಸುವವನ ಕೈಗೆ ನೇರವಾಗಿ ಹತ್ತು ರೂಪಾಯಿ ಕೊಟ್ಟರೆ ಅದು ಅವನ ಜೇಬಿಗೇ ಹೋಗುತ್ತದೆ.

‘ಫ್ರೀ ಆಫ್ ಚಾರ್ಜ್’ ಮತ್ತು ‘ನೋ ಎಕ್ಸ್‌ಟ್ರಾ ಚಾರ್ಜ್’ ಒಂದೇನಾ?

ಅಲ್ಲ. ಮೊದಲನೆಯದು ಪೂರಾ ಪುಕ್ಕಟೆ. ಎರಡನೆಯದರಲ್ಲಿ ಮೇಲೆ ಬೇರೆ ಇಲ್ಲ ಅಷ್ಟೇ, ಬೆಲೆಯಲ್ಲೇ ಸೇರಿಸಿ ಆಗಿದೆ.

ವಾಸ್ಕೋದಲ್ಲಿ ಬಂದರಿನ ಕೆಲಸ ನನ್ನದು. ಕಾರ್ಗೋಗೂ ಚಾರ್ಜಿಗೂ ಏನಾದ್ರೂ ಸಂಬಂಧ ಇದೆಯಾ?

ಒಂದೇ ಮನೆಯ ಮಕ್ಕಳು. ಅದೇ ಲ್ಯಾಟಿನ್ ಪದ ಸ್ಪೇನಿನ ದಾರಿ ಹಿಡಿದು ಇಂಗ್ಲಿಷಿಗೆ ಬಂದಾಗ ‘ಕಾರ್ಗೋ’ ಆಯಿತು. ‘ಕ್ಯಾರಿ’ ಮತ್ತು ‘ಕಾರ್’ ಕೂಡ ಆ ಗಾಡಿಯ ವಂಶವೇ. ಇಟಲಿಯ ದಾರಿಯಲ್ಲಿ ಬಂದದ್ದು ‘ಕ್ಯಾರಿಕೇಚರ್’, ಮುಖಕ್ಕೆ ಸ್ವಲ್ಪ ಜಾಸ್ತಿಯೇ ಹೇರಿ ಬರೆದ ಚಿತ್ರ.

ಗೋವಾದಲ್ಲಿ ಪೋರ್ಚುಗೀಸ್ ಬಲ್ಲ ಹಿರಿಯರು ಇನ್ನೂ ಸಿಗುತ್ತಾರಲ್ಲ, ಅವರನ್ನು ‘ಕರ್ರೆಗಾರ್’ ಅಂದರೆ ಏನು ಕೇಳಿ. ಹೊರುವುದು, ಹೇರುವುದು, ಜೊತೆಗೆ ಫೋನ್ ಚಾರ್ಜ್ ಮಾಡುವುದು. ‘ಕರ್ರೆಗಾದೋರ್’ ಅಂದರೆ ಮೂಟೆ ಹೊರುವ ಹಮಾಲಿಯೂ ಹೌದು, ಫೋನಿನ ಚಾರ್ಜರೂ ಹೌದು. ನನಗೆ ಈ ಇಡೀ ಪದದ ಕಥೆಯಲ್ಲಿ ಇದಕ್ಕಿಂತ ಇಷ್ಟವಾದದ್ದು ಬೇರೆ ಇಲ್ಲ.

## ಮೊಬೈಲು, ಎಸಿ, ಆಸ್ಪತ್ರೆ, ಅಣೆಕಟ್ಟು

10,000 ಎಂಎಎಚ್ ಪವರ್ ಬ್ಯಾಂಕ್ ತಗೊಂಡೆ. ನನ್ನ ಫೋನ್ 5,000. ಎರಡು ಸಲ ಫುಲ್ ಆಗ್ಬೇಕಲ್ವಾ? ಒಂದೂವರೆಗೇ ಮುಗೀತದೆ. ಮೋಸನಾ?

ಮೋಸ ಅಲ್ಲ. ಎಂಎಎಚ್ (ಮಿಲಿಆಂಪಿಯರ್-ಗಂಟೆ) ಅನ್ನುವುದು ಚಾರ್ಜಿನ ಅಳತೆ, ಶಕ್ತಿಯದ್ದಲ್ಲ. ಪವರ್ ಬ್ಯಾಂಕಿನ ಒಳಗಿನ ಸೆಲ್ 3.7 ವೋಲ್ಟಿನದ್ದು. 10,000 ಎಂಎಎಚ್ ಅಂದರೆ 10 ಆಂಪಿಯರ್-ಗಂಟೆ, ಅದಕ್ಕೆ ಗುಣಿಸಿದರೆ 37 ವ್ಯಾಟ್-ಗಂಟೆ, ಅದು ಶಕ್ತಿ. ಯುಎಸ್‌ಬಿಯಲ್ಲಿ ಹೊರಗೆ ಬರಬೇಕಾದದ್ದು 5 ವೋಲ್ಟು. ಅಲ್ಲಿಗೆ ಏರಿಸುವಾಗ ಸ್ವಲ್ಪ ಬಿಸಿಯಾಗಿ ಹೋಗುತ್ತದೆ. ಫೋನಿನ ಒಳಗೆ ತಿರುಗಿ ಇಳಿಸುವಾಗ ಇನ್ನಷ್ಟು. ಕೈಯಲ್ಲಿ ಹಿಡಿದರೆ ಬೆಚ್ಚಗಿರುತ್ತದಲ್ಲ, ನಿಮ್ಮ ಉಳಿದ ಅರ್ಧ ಅದೇ.

ವಿಮಾನದಲ್ಲಿ ಊರಿಗೆ ಹೋಗುವವರಿಗೂ ಈ ವ್ಯಾಟ್-ಗಂಟೆಯೇ ಲೆಕ್ಕ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಗಂಟೆಯ ಒಳಗಿದ್ದರೆ ತೊಂದರೆ ಇಲ್ಲ. 3.7 ವೋಲ್ಟಿನ ಲೆಕ್ಕದಲ್ಲಿ ಅದು ಸುಮಾರು 27,000 ಎಂಎಎಚ್.

‘500 ಚಾರ್ಜ್ ಸೈಕಲ್’ ಅಂದ್ರೆ 500 ಸಲ ವೈರ್ ಚುಚ್ಚಬಹುದು ಅಂತಾನಾ?

ಅಲ್ಲ. ಒಟ್ಟು ನೂರು ಪರ್ಸೆಂಟ್ ಖರ್ಚಾದರೆ ಒಂದು ಸೈಕಲ್. ಇವತ್ತು ಅರ್ಧ, ನಾಳೆ ಅರ್ಧ ಬಳಸಿ ಎರಡು ಸಲ ಚುಚ್ಚಿದರೂ ಒಂದೇ.

ಎಸಿಯವನು ಪ್ರತಿ ಬೇಸಿಗೆ ‘ಗ್ಯಾಸ್ ಚಾರ್ಜ್ ಮಾಡ್ಬೇಕು’ ಅಂತಾನೆ. ಗ್ಯಾಸ್ ಖಾಲಿ ಆಗೋದು ಯಾಕೆ?

ಇದರಲ್ಲಿ ನಾನೇ ಸುಟ್ಟುಕೊಂಡಿದ್ದೇನೆ. ಒಬ್ಬ ಮೆಕ್ಯಾನಿಕ್ ಎರಡು ಬೇಸಿಗೆಯಲ್ಲಿ ಮೂರು ಸಲ ಗ್ಯಾಸ್ ತುಂಬಿ ದುಡ್ಡು ತಗೊಂಡ. ನಾಲ್ಕನೆಯ ಸಲ ಬಂದ ಬೇರೆ ಹುಡುಗ ಹೊರಗಿನ ಯೂನಿಟ್ಟಿನ ಪೈಪಿನ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿದ. ಸಣ್ಣ ಸಾಸಿವೆಯಷ್ಟು ಗುಳ್ಳೆ ಒಂದೇ ಜಾಗದಲ್ಲಿ ಎದ್ದು ಒಡೆದು, ಎದ್ದು ಒಡೆದು ಮಾಡಿತು. ಮೂರು ಸಲದ ನನ್ನ ದುಡ್ಡು ಆ ತೂತಿನಲ್ಲಿ ಹೋಗಿತ್ತು.

ಎಸಿಯ ಗ್ಯಾಸ್ ಅಡುಗೆ ಸಿಲಿಂಡರಿನ ಹಾಗೆ ಉರಿದು ಮುಗಿಯುವುದಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಸಮುದ್ರದ ಉಪ್ಪುಗಾಳಿಗೆ ಕೊಳವೆ ಬೇಗ ಹಾಳಾಗುತ್ತದೆ, ಮುಂಬಯಿ, ಗೋವಾದಲ್ಲಿ ಇದು ಮಾಮೂಲು. ಇಲ್ಲಿ ಚಾರ್ಜ್ ಅಂದರೆ ಒಳಗೆ ಇರಬೇಕಾದ ಗ್ಯಾಸಿನ ತೂಕ. ಅದು ಹೊರಗಿನ ಯೂನಿಟ್ಟಿನ ಪ್ಲೇಟಿನ ಮೇಲೆ ಗ್ರಾಂ ಅಥವಾ ಕಿಲೋದಲ್ಲಿ ಅಚ್ಚಾಗಿರುತ್ತದೆ, ಗ್ಯಾಸಿನ ಹೆಸರಿನ ಪಕ್ಕದಲ್ಲಿ. ಮೊದಲು ಲೀಕ್ ಹುಡುಕಬೇಕು, ಬೆಸುಗೆ ಹಾಕಬೇಕು, ಪಂಪಿನಿಂದ ವ್ಯಾಕ್ಯೂಮ್ ಮಾಡಬೇಕು, ಆಮೇಲೆ ತೂಕ ಮಾಡಿ ತುಂಬಬೇಕು. ಬಂದ ಕೂಡಲೇ ಸಿಲಿಂಡರ್ ಹಚ್ಚುವವನನ್ನು ಚಹಾ ಕೊಟ್ಟು ವಾಪಸ್ ಕಳಿಸಿ.

ಆಸ್ಪತ್ರೆಯಲ್ಲೂ ಡಿಸ್ಚಾರ್ಜ್, ಪುಣೆಯ ಪೇಪರಿನಲ್ಲಿ ಖಡಕ್‌ವಾಸ್ಲಾ ಡ್ಯಾಮಿಂದಲೂ ಡಿಸ್ಚಾರ್ಜ್. ಡ್ಯಾಮಿಗೆ ಏನಾಗಿತ್ತು?

ಹೊಟ್ಟೆ ತುಂಬಿತ್ತು! ಡಿಸ್ಚಾರ್ಜ್ ಅಂದರೆ ಹೊರೆ ಇಳಿಸುವುದು. ಆಸ್ಪತ್ರೆ ರೋಗಿಯನ್ನು ಬಿಡುತ್ತದೆ, ಬ್ಯಾಟರಿ ತನ್ನ ಚಾರ್ಜನ್ನು ಬಿಡುತ್ತದೆ, ಗಾಯ ಕೀವು ಬಿಡುತ್ತದೆ, ಅಣೆಕಟ್ಟು ನೀರು ಬಿಡುತ್ತದೆ.

ನೀರಿನದ್ದು ಕ್ಯೂಸೆಕ್ ಲೆಕ್ಕ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. 10,000 ಕ್ಯೂಸೆಕ್ ಬಿಟ್ಟರು ಅಂತ ಓದಿದರೆ, ಹತ್ತು ಸಾವಿರ ಲೀಟರಿನ ಟ್ಯಾಂಕರುಗಳು ಸೆಕೆಂಡಿಗೆ ಇಪ್ಪತ್ತೆಂಟು ಖಾಲಿಯಾದ ಹಾಗೆ ಅಂತ ತಿಳಿಯಿರಿ. ಅಷ್ಟೂ ಮುಠಾ ನದಿಗೆ. ಹೀಗೆ ಮಳೆಗಾಲದಲ್ಲಿ ನೀರು ಬಿಟ್ಟಾಗ ತಗ್ಗಿನಲ್ಲಿರುವ ಭಿಡೆ ಸೇತುವೆ ಮುಳುಗುತ್ತದೆ. ಪುಣೆಯಲ್ಲಿರುವ ನಮ್ಮವರು ಆ ದಿನ ಬೇರೆ ದಾರಿ ಹಿಡಿಯುವುದು ಕಲಿತಿದ್ದಾರೆ.

## ಪೊಲೀಸು, ಕೋರ್ಟು, ಫ್ಯಾಕ್ಟರಿ

ಲಾಠಿ ಚಾರ್ಜ್ ಅಂದ್ರೆ ಲಾಠಿಗೆ ಕರೆಂಟ್ ಕೊಡ್ತಾರಾ?

ಹದಿನೆಂಟರ ಹುಡುಗ ಕೇಳಿದ್ದು, ಕ್ಲಾಸು ಗೊಳ್ಳೆಂದಿತು. ಆದರೆ ಅವನ ತಪ್ಪೇನು? ಅವನು ಹುಟ್ಟಿದಾಗಿನಿಂದ ಚಾರ್ಜ್ ಅಂದರೆ ವೈರೇ.

ಇಲ್ಲಿ ಚಾರ್ಜ್ ಅಂದರೆ ಒಟ್ಟಾಗಿ ನುಗ್ಗುವುದು. ಕುದುರೆ ಸೈನ್ಯದ ಕಾಲದ ಅರ್ಥ. ಕನ್ನಡದಲ್ಲಿ ‘ಮೇಲೇರಿ ಹೋದ’ ಅನ್ನುತ್ತೇವಲ್ಲ, ಅದು. ಈ ಅರ್ಥಕ್ಕೆ ನಮ್ಮದೇ ಉದಾಹರಣೆ ಇದೆ. 1918ರ ಸೆಪ್ಟೆಂಬರ್ 23, ಮೊದಲ ಮಹಾಯುದ್ಧ, ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣ. ಎದುರು ಮೆಷಿನ್‌ಗನ್ನು, ಫಿರಂಗಿ. ಈ ಕಡೆ ಜೋಧಪುರ ಲ್ಯಾನ್ಸರ್ಸ್ ಮತ್ತು ನಮ್ಮ ಮೈಸೂರು ಲ್ಯಾನ್ಸರ್ಸ್, ಕುದುರೆ ಮೇಲೆ, ಕೈಯಲ್ಲಿ ಈಟಿ. ಮೈಸೂರಿನವರು ಕಾರ್ಮೆಲ್ ಬೆಟ್ಟದ ಫಿರಂಗಿಗಳ ಮೇಲೆ ಏರಿ ಹೋದರು, ಜೋಧಪುರದವರು ಪಟ್ಟಣಕ್ಕೆ ನುಗ್ಗಿದರು, ಹೈಫಾ ಕೈಗೆ ಬಂತು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದ್ದು.

ಎಫ್‌ಐಆರ್, ಚಾರ್ಜ್‌ಶೀಟ್, ‘ಚಾರ್ಜ್ ಫ್ರೇಮ್’. ಮೂರೂ ಒಂದೇ ಅಲ್ವಾ?

ಮೂರು ಬೇರೆ ಬೇರೆ ಮೆಟ್ಟಿಲು. ಎಫ್‌ಐಆರ್ ಅಂದರೆ ಹೀಗೊಂದು ಅಪರಾಧ ಆಗಿದೆ ಅಂತ ಠಾಣೆಯಲ್ಲಿ ಬರೆದುಕೊಂಡದ್ದು. ಹೆಸರು ಬಂದ ಮಾತ್ರಕ್ಕೆ ಅಪರಾಧಿ ಅಲ್ಲ. ಚಾರ್ಜ್‌ಶೀಟ್ ಅಂದರೆ ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ವರದಿ. ಕನ್ನಡ ಪೇಪರಿನಲ್ಲಿ ದೋಷಾರೋಪ ಪಟ್ಟಿ, ಇಲ್ಲಿಯ ಮರಾಠಿ ಪೇಪರಿನಲ್ಲಿ ದೋಷಾರೋಪಪತ್ರ. ಅದನ್ನು ಓದಿ, ಇದರಲ್ಲಿ ಹುರುಳಿದೆ ಅನ್ನಿಸಿದರೆ ನ್ಯಾಯಾಧೀಶರು ಇಂಥ ಕಲಮಿನ ಕೆಳಗೆ ನಿನ್ನ ಮೇಲೆ ಈ ಆರೋಪ ಅಂತ ನಿಗದಿ ಮಾಡುತ್ತಾರೆ. ಅದೇ ಚಾರ್ಜ್ ಫ್ರೇಮ್ ಮಾಡುವುದು. ವಿಚಾರಣೆ ಶುರುವಾಗುವುದು ಆಮೇಲೆ.

ಆರೋಪಿ ಜೈಲಿನಲ್ಲಿದ್ದರೆ ಚಾರ್ಜ್‌ಶೀಟಿಗೆ ಗಡುವು ಇದೆ. ಮರಣದಂಡನೆ, ಜೀವಾವಧಿ, ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ 90 ದಿನ, ಉಳಿದವಕ್ಕೆ 60 ದಿನ. ಕೆಲವು ವಿಶೇಷ ಕಾನೂನುಗಳಲ್ಲಿ ಬೇರೆ ಲೆಕ್ಕ. ಅಷ್ಟರಲ್ಲಿ ಸಲ್ಲಿಸದಿದ್ದರೆ ಜಾಮೀನು ಕೇಳುವುದು ಅವನ ಹಕ್ಕು. 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ಗಡುವು ಹಾಗೇ ಇದೆ.

ಕೋರ್ಟಲ್ಲಿ ‘ಡಿಸ್ಚಾರ್ಜ್’ ಆದ್ರು ಅಂದ್ರೆ ಖುಲಾಸೆ ಆದ ಹಾಗಾ?

ಖುಲಾಸೆಯ ಚಿಕ್ಕ ತಮ್ಮ. ಆರೋಪ ನಿಗದಿ ಮಾಡುವಷ್ಟೂ ಸಾಕ್ಷ್ಯ ಇಲ್ಲ ಅಂತ ಬಾಗಿಲಲ್ಲೇ ಬಿಟ್ಟರೆ ಡಿಸ್ಚಾರ್ಜ್. ಒಳಗೆ ಕರೆದು, ಪೂರ್ತಿ ವಿಚಾರಣೆ ಮಾಡಿ, ತಪ್ಪಿಲ್ಲ ಅಂದರೆ ಖುಲಾಸೆ. ಖುಲಾಸೆ ಆದವನನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಗೆ ಎಳೆಯುವಂತಿಲ್ಲ. ಡಿಸ್ಚಾರ್ಜಿಗೆ ಆ ಗಟ್ಟಿತನ ಇಲ್ಲ, ಹೊಸ ಸಾಕ್ಷ್ಯ ಸಿಕ್ಕರೆ ಬಾಗಿಲು ಮತ್ತೆ ತೆರೆಯಬಹುದು.

ಸರ್ರ, ನಮ್ಮ ಅಣ್ಣಗ ಚಾಕಣದ ಕಂಪನಿಯವರು ಚಾರ್ಜ್‌ಶೀಟ್ ಕೊಟ್ಟಾರ. ಪೊಲೀಸ್ರು ಬರ್ತಾರೇನ್ರಿ? ಅವ್ವ ಊಟಾ ಬಿಟ್ಟಾಳ.

ಮೊದಲು ಅವ್ವನಿಗೆ ಊಟ ಮಾಡಲು ಹೇಳಿ. ಪೊಲೀಸರಿಗೂ ಇದಕ್ಕೂ ಸಂಬಂಧ ಇಲ್ಲ.

ಫ್ಯಾಕ್ಟರಿಯಲ್ಲಿ ಚಾರ್ಜ್‌ಶೀಟ್ ಅಂದರೆ ಕಂಪನಿಯ ಒಳಗಿನ ಕಾಗದ. ಇಂಥ ದಿನ, ಇಂಥ ಪಾಳಿಯಲ್ಲಿ ನೀನು ಹೀಗೆ ಮಾಡಿದೆ ಅಂತ ಆಪಾದನೆ, ಉತ್ತರ ಕೊಡು ಅಂತ ಕೆಲವು ದಿನದ ಸಮಯ. ಉತ್ತರ ಒಪ್ಪಿಗೆ ಆಗದಿದ್ದರೆ ಒಳಗಿನ ವಿಚಾರಣೆ ನಡೆಯುತ್ತದೆ. ಸಾಕ್ಷಿಗಳನ್ನು ಪ್ರಶ್ನೆ ಮಾಡುವ ಅವಕಾಶ ಅಣ್ಣನಿಗೂ ಇರಬೇಕು. ಸಸ್ಪೆಂಡ್ ಮಾಡಿದ್ದರೆ ಮೊದಲ 90 ದಿನ ಅರ್ಧ ಸಂಬಳ ಜೀವನಾಂಶವಾಗಿ ಸಿಗಬೇಕು. ಆದರೆ ಕಾಗದವನ್ನು ಹರಿದು ಹಾಕುವುದು, ತಗೊಳ್ಳುವುದಿಲ್ಲ ಅನ್ನುವುದು, ಸಿಟ್ಟಿನಲ್ಲಿ ಏನೋ ಬರೆದು ಸಹಿ ಹಾಕುವುದು ಮಾಡಬಾರದು. ಕಾಗದ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇದ್ದರೆ ಅರ್ಥವಾದವರ ಹತ್ತಿರ ಓದಿಸಿ, ಯೂನಿಯನ್ ಇದ್ದರೆ ಅವರಿಗೆ ತೋರಿಸಿ, ಆಮೇಲೆ ಉತ್ತರ.

ಸಿನಿಮಾದಲ್ಲಿ ‘ಐ ವಿಲ್ ಪ್ರೆಸ್ ಚಾರ್ಜಸ್’ ಅಂತಾರೆ. ನಾವೂ ಹಾಗೆ ಹೇಳಬಹುದಾ?

ಹೇಳಿದರೆ ಠಾಣೆಯಲ್ಲಿ ಮುಖ ನೋಡುತ್ತಾರೆ. ಅದು ಅಮೆರಿಕದ ಮಾತು. ಇಲ್ಲಿ ನೀವು ‘ಕಂಪ್ಲೇಂಟ್’ ಕೊಡುತ್ತೀರಿ, ಕೇಸು ನಡೆಸುವುದು ಸರ್ಕಾರ.

## ಇನ್ನೂ ಒಳಗೆ ಹೋಗಬೇಕು ಅನ್ನುವವರಿಗೆ

ಕರೆಂಟಿಗೆ ‘ಚಾರ್ಜ್’ ಅಂತ ಹೆಸರು ಬಂದದ್ದು ಹೇಗೆ? ಅಲ್ಲಿ ಹೊರೆ ಎಲ್ಲಿದೆ?

ನಡುವೆ ಒಂದು ಕೋವಿ ಇದೆ. ಗಾಡಿಗೆ ಹೇರುವ ಪದವನ್ನು ಕೋವಿಗೆ ಮದ್ದು ತುಂಬುವುದಕ್ಕೂ ಬಳಸಿದರು. ಒಂದು ಸಲಕ್ಕೆ ತುಂಬುವ ಮದ್ದು ಒಂದು ಚಾರ್ಜ್. ಕಲ್ಲು ಕೋರೆಯಲ್ಲಿ ತೂತು ಕೊರೆದು ತುಂಬುವ ಸಿಡಿಮದ್ದಿಗೆ ಈಗಲೂ ಅದೇ ಹೆಸರು.

1740ರ ದಶಕದಲ್ಲಿ ಲೈಡನ್ ಜಾಡಿ ಬಂತು. ಒಳಗೂ ಹೊರಗೂ ಲೋಹದ ಹಾಳೆ ಅಂಟಿಸಿದ ಗಾಜಿನ ಜಾಡಿ, ಉಜ್ಜಿ ಹುಟ್ಟಿಸಿದ ವಿದ್ಯುತ್ತನ್ನು ಹಿಡಿದಿಡುವುದಕ್ಕೆ. ತುಂಬಿಸಿ ಮುಟ್ಟಿದರೆ ಕೋವಿ ಹಾರಿದ ಹಾಗೆ ಚಟ್ಟನೆ ಹೊಡೆತ. ಜಾಡಿ ತುಂಬಿಸುವುದಕ್ಕೆ ಬೆಂಜಮಿನ್ ಫ್ರಾಂಕ್ಲಿನ್ ಚಾರ್ಜ್ ಮಾಡುವುದು ಅಂದ. ಹಲವು ಜಾಡಿ ಸಾಲಾಗಿ ಜೋಡಿಸಿದಾಗ, ಸಾಲು ಫಿರಂಗಿಗೆ ಇದ್ದ ಹೆಸರನ್ನೇ ಕೊಟ್ಟ: ಬ್ಯಾಟರಿ. ನಿಮ್ಮ ಜೇಬಿನ ಫೋನಿನಲ್ಲಿ ಎರಡು ಮಿಲಿಟರಿ ಪದ ಇದೆ, ಗೊತ್ತಿತ್ತಾ?

ಪಾಸಿಟಿವ್, ನೆಗೆಟಿವ್ ಹೆಸರೂ ಅವನದ್ದೇ. ವಿದ್ಯುತ್ ಒಂದು ದ್ರವ, ಜಾಸ್ತಿ ಇದ್ದ ಕಡೆ ಪ್ಲಸ್, ಕಡಿಮೆ ಇದ್ದ ಕಡೆ ಮೈನಸ್ ಅಂತ ಅವನ ಲೆಕ್ಕ. ಯಾವ ಕಡೆ ಜಾಸ್ತಿ ಅನ್ನುವುದನ್ನು ಊಹಿಸಿದ. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನ್ ಕಂಡುಹಿಡಿದಾಗ ಊಹೆ ಉಲ್ಟಾ ಅಂತ ಗೊತ್ತಾಯಿತು. ತಂತಿಯಲ್ಲಿ ಹರಿಯುವ ಎಲೆಕ್ಟ್ರಾನಿಗೆ ಸಿಕ್ಕಿದ್ದು ಮೈನಸ್. ಅಷ್ಟರಲ್ಲಿ ಪುಸ್ತಕಗಳೆಲ್ಲ ಅಚ್ಚಾಗಿದ್ದವು. ಹಾಗಾಗಿ ಇವತ್ತಿಗೂ ಮಕ್ಕಳು ಕರೆಂಟು ಒಂದು ದಿಕ್ಕಿಗೆ, ಎಲೆಕ್ಟ್ರಾನ್ ಇನ್ನೊಂದು ದಿಕ್ಕಿಗೆ ಅಂತ ಓದಿ ಒದ್ದಾಡುತ್ತಾರೆ.

ಫುಲ್ ಚಾರ್ಜ್ ಆದ ಫೋನಿನಲ್ಲಿ ಎಲೆಕ್ಟ್ರಾನ್ ಜಾಸ್ತಿ ಇರ್ತದಾ?

ಇಲ್ಲ. ಭೌತಶಾಸ್ತ್ರದವರ ಅರ್ಥದಲ್ಲಿ ಫುಲ್ ಚಾರ್ಜ್ ಆದ ಬ್ಯಾಟರಿಯ ಒಟ್ಟು ಚಾರ್ಜ್ ಸೊನ್ನೆ! ಖಾಲಿಯಾದಾಗಲೂ ಸೊನ್ನೆ. ಚಾರ್ಜ್ ಮಾಡುವಾಗ ಆಗುವುದು ಇಷ್ಟೇ: ಲಿಥಿಯಂ ಅಯಾನುಗಳು (ಚಾರ್ಜ್ ಹೊತ್ತ ಕಣಗಳು) ಒಳಗೇ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುತ್ತವೆ, ಎಲೆಕ್ಟ್ರಾನುಗಳು ಹೊರಗಿನ ದಾರಿಯಿಂದ ಅದೇ ಬದಿಗೆ ಬರುತ್ತವೆ. ನೀರನ್ನು ಕೆಳಗಿನ ತೊಟ್ಟಿಯಿಂದ ಮೇಲಿನ ಟ್ಯಾಂಕಿಗೆ ಏರಿಸಿದ ಹಾಗೆ. ಬಿಲ್ಡಿಂಗಿನ ನೀರು ಅಷ್ಟೇ ಇದೆ, ಮೇಲಿದೆ ಅಷ್ಟೇ.

ಆದರೂ ಸಂಖ್ಯೆ ಬೇಕಿದ್ದರೆ, 5,000 ಎಂಎಎಚ್ ಅಂದರೆ 18,000 ಕೂಲಂಬ್, ಕೂಲಂಬ್ ಅನ್ನುವುದು ಭೌತಶಾಸ್ತ್ರದವರು ಚಾರ್ಜ್ ಅಳೆಯುವ ಮಾನ. ಒಂದು ಎಲೆಕ್ಟ್ರಾನಿನದ್ದು 1.602 × 10⁻¹⁹ ಕೂಲಂಬ್. ಭಾಗಿಸಿದರೆ ಒಂದರ ಮುಂದೆ 23 ಸೊನ್ನೆ ಹಾಕಿದಷ್ಟು ಎಲೆಕ್ಟ್ರಾನುಗಳು ಒಂದು ಫುಲ್ ಚಾರ್ಜಿಗೆ ಆ ಕಡೆ ಈ ಕಡೆ ಓಡಾಡುತ್ತವೆ.

ಹಾಗಾದ್ರೆ ಲೈಟ್ ಬಿಲ್ಲಿನಲ್ಲಿ ನಾವು ಆ ಎಲೆಕ್ಟ್ರಾನುಗಳಿಗೆ ದುಡ್ಡು ಕೊಡೋದಾ?

ಒಂದಕ್ಕೂ ಇಲ್ಲ. ಮನೆಗೆ ಬರುವ ಎಸಿ ಕರೆಂಟಿನಲ್ಲಿ (ತಂಪು ಮಾಡುವ ಎಸಿ ಅಲ್ಲ, ದಿಕ್ಕು ಬದಲಿಸುತ್ತಲೇ ಇರುವ ಕರೆಂಟು) ಅವು ಸೆಕೆಂಡಿಗೆ 50 ಸಲ ನಿಂತಲ್ಲೇ ಹಿಂದೆ ಮುಂದೆ ತೂಗುತ್ತವೆ. ನಿಮ್ಮ ಮನೆ ತಂತಿಯ ಎಲೆಕ್ಟ್ರಾನು ಅಲ್ಲೇ ಇರುತ್ತದೆ. ದುಡ್ಡು ಅವನ್ನು ಅಲ್ಲಾಡಿಸಿದ ಶಕ್ತಿಗೆ.

ಜಡ್ಜ್ ಜ್ಯೂರಿಗೆ ‘ಚಾರ್ಜ್’ ಕೊಟ್ಟರು ಅಂತ ಹಳೇ ಕೇಸಿನಲ್ಲಿ ಓದಿದೆ. ಜ್ಯೂರಿ ಮೇಲೇ ಆರೋಪನಾ?

ಅಲ್ಲ, ಅದು ಹೊಣೆ ಒಪ್ಪಿಸುವ ಭಾಷಣ. ಸಾಕ್ಷಿ, ವಾದ ಎಲ್ಲ ಮುಗಿದ ಮೇಲೆ ನ್ಯಾಯಾಧೀಶರು ಜ್ಯೂರಿಯವರಿಗೆ, ಅಂದರೆ ತೀರ್ಮಾನ ಹೇಳಲು ಆರಿಸಿ ಕೂರಿಸಿದ ಸಾಮಾನ್ಯ ಜನರಿಗೆ, ಕಾನೂನು ಬಿಡಿಸಿ ಹೇಳಿ, ಈಗ ತೀರ್ಮಾನ ನಿಮ್ಮದು ಅನ್ನುತ್ತಿದ್ದರು. ಇಂಥ ಒಂದು ಭಾಷಣ ಮುಂಬಯಿಯ ದೊಡ್ಡ ಕೇಸಿನ ದಿಕ್ಕನ್ನೇ ಬದಲಾಯಿಸಿತು. ನೌಕಾಪಡೆಯ ಕಮಾಂಡರ್ ನಾನಾವತಿ 1959ರ ಏಪ್ರಿಲ್ 27ರಂದು ಪ್ರೇಮ್ ಅಹುಜಾಗೆ ಗುಂಡು ಹೊಡೆದರು. ಜ್ಯೂರಿಯಲ್ಲಿ ಎಂಟು ಜನ ತಪ್ಪಿಲ್ಲ ಅಂದರು, ಒಬ್ಬರು ಒಪ್ಪಲಿಲ್ಲ. ನ್ಯಾಯಾಧೀಶರಿಗೆ ಅದು ಸರಿ ಕಾಣಲಿಲ್ಲ, ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಸರ್ಕಾರಿ ವಕೀಲರು ಹಿಡಿದದ್ದು ಆ ನ್ಯಾಯಾಧೀಶರ ಭಾಷಣವನ್ನೇ, ಜ್ಯೂರಿಗೆ ಕೊಟ್ಟ ಚಾರ್ಜಿನಲ್ಲೇ ತಪ್ಪುಗಳಿವೆ ಅಂತ. ಹೈಕೋರ್ಟು ಒಪ್ಪಿ ಜೀವಾವಧಿ ಶಿಕ್ಷೆ ಕೊಟ್ಟಿತು. 1961ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ, ಹಾಗಾಗಿ ಈ ಅರ್ಥ ನಮ್ಮ ದೇಶದಲ್ಲಿ ಈಗ ಹೆಚ್ಚಾಗಿ ಹಳೆ ತೀರ್ಪುಗಳಲ್ಲೇ ಸಿಗುತ್ತದೆ.

ಕರ್ಜತ್ ಕಡೆ ಜಾಗ ನೋಡಿದ್ವಿ. ಸಾತ್-ಬಾರಾದಲ್ಲಿ ‘ಬೋಜಾ’ ಅಂತ ಬ್ಯಾಂಕಿನ ಹೆಸರಿದೆ. ಬ್ರೋಕರ್ ‘ಏನಿಲ್ಲ, ಬರೀ ಚಾರ್ಜ್’ ಅಂತಾನೆ.

ಆ ‘ಬರೀ’ ನಂಬಿ ಅಡ್ವಾನ್ಸ್ ಕೊಡಬೇಡಿ. ಸಾತ್-ಬಾರಾ ಅಂದರೆ ಮಹಾರಾಷ್ಟ್ರದ ಜಮೀನಿನ ದಾಖಲೆ, ನಮ್ಮ ಪಹಣಿಯ ಹಾಗೆ. ಇಲ್ಲಿ ಚಾರ್ಜ್ ಅಂದರೆ ಸಾಲ ತೀರುವವರೆಗೆ ಆ ಜಮೀನಿನ ಮೇಲೆ ಬ್ಯಾಂಕಿಗೆ ಇರುವ ಹಕ್ಕು. ಮಾಲೀಕ ಬದಲಾದರೂ ಆ ಹಕ್ಕು ಜಮೀನಿಗೆ ಅಂಟಿಕೊಂಡೇ ಬರುತ್ತದೆ. ಮರಾಠಿಯಲ್ಲಿ ಬೋಜಾ ಅಂದರೆ ಹೊರೆಯೇ. ನಮ್ಮಲ್ಲಿ ಸಬ್‌ರಿಜಿಸ್ಟ್ರಾರ್ ಆಫೀಸಿನಿಂದ ತೆಗೆಸುವ ಕಾಗದಕ್ಕೆ ‘ಋಣಭಾರ ಪ್ರಮಾಣಪತ್ರ’ ಅನ್ನುತ್ತೇವೆ, ಅಲ್ಲೂ ಭಾರ ಇದೆ.

ಸಾಲ ತೀರಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು. ಬ್ಯಾಂಕಿನ ಬಾಕಿ ಇಲ್ಲದ ಪತ್ರ ತಲಾಠಿಯ (ಊರಿನ ಜಮೀನು ದಾಖಲೆ ನೋಡಿಕೊಳ್ಳುವ ಅಧಿಕಾರಿ) ಹತ್ತಿರ ಹೋಗಿ, ಫೇರ್‌ಫಾರ್ (ದಾಖಲೆಯ ಬದಲಾವಣೆ) ಆಗಿ, ‘ಇತರ ಹಕ್ಕು’ ಕಾಲಂನಿಂದ ಆ ಹೆಸರು ಹೋಗಬೇಕು. ಹೊಸ ಸಾತ್-ಬಾರಾ ನೀವೇ ತೆಗೆಸಿ ನೋಡಿ. ಮಾರುವವರು ಕಂಪನಿಯಾಗಿದ್ದರೆ ಇನ್ನೊಂದು ಕಡೆಯೂ ಹುಡುಕಬೇಕು. ಕಂಪನಿ ತನ್ನ ಆಸ್ತಿಯ ಮೇಲೆ ಚಾರ್ಜ್ ಮಾಡಿಕೊಟ್ಟರೆ 2013ರ ಕಂಪನಿ ಕಾಯ್ದೆಯ 77ನೇ ಕಲಮಿನ ಪ್ರಕಾರ 30 ದಿನದಲ್ಲಿ ರಿಜಿಸ್ಟ್ರಾರರ ಹತ್ತಿರ ನೋಂದಾಯಿಸಬೇಕು, ಆ ದಾಖಲೆಯನ್ನು ಯಾರು ಬೇಕಾದರೂ ಫೀ ಕಟ್ಟಿ ನೋಡಬಹುದು.

‘ಫ್ಲೋಟಿಂಗ್ ಚಾರ್ಜ್’ ಅಂತ ಸಿಎ ಪರೀಕ್ಷೆಗೆ ಓದ್ತಿದೀನಿ. ತೇಲೋ ಹೊರೆ ಅಂದ್ರೆ ತಲೆಗೇ ಹೋಗ್ತಿಲ್ಲ.

ಹೋಟೆಲಿನ ಉಗ್ರಾಣ ನೆನಪಿಸಿಕೊಳ್ಳಿ. ಅಕ್ಕಿ, ಉದ್ದು, ಎಣ್ಣೆ ಬೆಳಿಗ್ಗೆ ಬರುತ್ತದೆ, ಸಂಜೆಗೆ ಖರ್ಚಾಗುತ್ತದೆ. ಹೋಟೆಲ್ ಕಂಪನಿ ಈ ದಾಸ್ತಾನಿನ ಮೇಲೆ ಸಾಲ ತಗೊಂಡಿದೆ ಅಂತಿಟ್ಟುಕೊಳ್ಳಿ. ಕಟ್ಟಡದ ಮೇಲೆ ಚಾರ್ಜ್ ಆದರೆ ಅದು ಕೂತಲ್ಲೇ ಕೂತಿರುತ್ತದೆ, ಬ್ಯಾಂಕನ್ನು ಕೇಳದೆ ಮಾರುವಂತಿಲ್ಲ. ಅದು ಫಿಕ್ಸೆಡ್. ಉದ್ದಿನ ಮೂಟೆಗೆ ಹಾಗೆ ಮಾಡಿದರೆ ಮರುದಿನ ದೋಸೆಯೇ ಇಲ್ಲ! ಅದಕ್ಕೆ ಬ್ಯಾಂಕಿನ ಹಕ್ಕು ಯಾವ ಮೂಟೆಯ ಮೇಲೂ ಕೂರದೆ ಇಡೀ ಉಗ್ರಾಣದ ಮೇಲೆ ತೇಲುತ್ತಿರುತ್ತದೆ. ಕಂತು ತಪ್ಪಿ ಬ್ಯಾಂಕು ಕ್ರಮಕ್ಕೆ ಇಳಿದ ದಿನ ಆ ತೇಲುವಿಕೆ ನಿಲ್ಲುತ್ತದೆ. ಆ ಹೊತ್ತಿಗೆ ಉಗ್ರಾಣದಲ್ಲಿ ಏನು ಉಳಿದಿದೆಯೋ ಅದರ ಮೇಲೆ ಹಕ್ಕು ಗಟ್ಟಿಯಾಗಿ ಕೂರುತ್ತದೆ. ಪರೀಕ್ಷೆಯಲ್ಲಿ ಇದಕ್ಕೆ ‘ಕ್ರಿಸ್ಟಲೈಸೇಶನ್’ ಅಂತ ಬರೆಯಿರಿ, ಉದ್ದಿನ ಮೂಟೆ ಬರೆಯಬೇಡಿ.